ಟೀಚರಮ್ಮನ ಸ್ಮರಣೆಯ ಆರಾಧನೆಯನ್ನು ನಾವು ನಡೆಸಿದ ರೀತಿ

ನಾನು ಮಂಗಳೂರಿನ ಒಂದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ, ಅಂದರೆ ಚರ್ಚಿನ, ಸೆಕ್ರೆಟರಿ. ಸಾವಿನ ಸುದ್ದಿ ಬಂದರೆ ಮನೆಗೆ ಮೊದಲು ಹೋಗುವುದು, ಸ್ಮಶಾನದ ವ್ಯವಸ್ಥೆ ನೋಡುವುದು, ಆಮೇಲೆ ಸ್ಮರಣೆಯ ಆರಾಧನೆಗೆ ತಯಾರಿ ಮಾಡುವುದು ನನ್ನ ಪಾಲಿನ ಕೆಲಸ. ಹೋದ ವರ್ಷ ನಮ್ಮ ಆದಿತ್ಯವಾರ ಶಾಲೆಯ ಟೀಚರಮ್ಮ ತೀರಿಕೊಂಡರು. ಆಗ ನಾವು ಮಾಡಿದ್ದನ್ನು ನೋಡಿ ಬೇರೆ ಸಭೆಗಳವರು ವಿಚಾರಿಸುತ್ತಿದ್ದಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ಟೀಚರಮ್ಮ ಸಭಾಹಿರಿಯರಾಗಿರಲಿಲ್ಲ, ಸ್ತ್ರೀ ಸಂಘದ ಅಧ್ಯಕ್ಷರೂ ಆಗಿರಲಿಲ್ಲ. ಶನಿವಾರ ಸಂಜೆ ಬಂದು ಆಲ್ಟರಿಗೆ (ಚರ್ಚಿನ ಪೂಜಾವೇದಿಗೆ) ಹೂ ಇಡುತ್ತಿದ್ದರು. ಮರುದಿನ ಹಾಡುವ ಸಂಗೀತಗಳ (ಆರಾಧನೆಯ ಹಾಡುಗಳಿಗೆ ನಾವು ಹಾಗೆ ಅನ್ನುತ್ತೇವೆ) ನಂಬರನ್ನು ಬೋರ್ಡಿಗೆ ಸಿಕ್ಕಿಸುತ್ತಿದ್ದರು. ಅಪ್ಪ, ಮಗ, ಮೊಮ್ಮಗ ಮೂವರಿಗೂ ಬೈಬಲ್ ಕಥೆ ಕಲಿಸಿದ ಮನೆಗಳಿವೆ. ಇಂಥವರು ಹೋದಾಗ ವೇದಿಕೆಯಲ್ಲಿ ಓದಲು ಹುದ್ದೆಗಳ ಪಟ್ಟಿ ಇರುವುದಿಲ್ಲ. ಪಟ್ಟಿ ಇಲ್ಲದಿದ್ದರೆ ‘ತುಂಬಲಾರದ ನಷ್ಟ’ ಅಂತ ನಾಲ್ಕು ಜನ ಹೇಳಿ ಕೂತುಬಿಡುತ್ತಾರೆ. ಅವರ ವಿಷಯದಲ್ಲಿ ಹಾಗಾಗಲು ನನ್ನ ಮನಸ್ಸು ಒಪ್ಪಲಿಲ್ಲ.

ಮಣ್ಣು ಮಾಡಿದ ದಿನದ ಬಗ್ಗೆ ಜಾಸ್ತಿ ಬರೆಯಬೇಕಿಲ್ಲ, ಎಲ್ಲ ಸಭೆಗಳಲ್ಲೂ ಆ ಕ್ರಮ ಗೊತ್ತಿದೆ. ಗಂಜಿ, ಚಟ್ನಿ, ಚಹಾ ಯಾರ ಮನೆಯಿಂದ ಯಾವ ಹೊತ್ತಿಗೆ ಅಂತ ಸ್ತ್ರೀ ಸಂಘದವರು ಅಂದೇ ಹಂಚಿಕೊಂಡರು. ಆ ಮನೆಯಲ್ಲಿ ಒಲೆ ಹಚ್ಚಲು ಬಿಡಲಿಲ್ಲ. ಸಂಜೆಯ ಮನೆ ಪ್ರಾರ್ಥನೆಗೆ ಪ್ರಸಂಗ (ಉಪದೇಶದ ಭಾಷಣ) ಬೇಡ ಅಂತ ಸಭಾಪಾಲಕರನ್ನು (ಪಾದ್ರಿಯವರನ್ನು) ಕೇಳಿಕೊಂಡೆ, ಅವರೂ ಒಪ್ಪಿದರು. ಎರಡು ಸಂಗೀತ, ಬೈಬಲಿನ ಒಂದು ಕೀರ್ತನೆ, ಪ್ರಾರ್ಥನೆ. ರಾತ್ರಿಯೆಲ್ಲ ನಿದ್ದೆಗೆಟ್ಟವರಿಗೆ ಅಷ್ಟು ಸಾಕು.

ಆಮೇಲೆ ಒಂದು ನೋಟ್‌ಬುಕ್ ಹಿಡಿದು ಮನೆಮನೆಗೆ ಹೋದೆ. ‘ಟೀಚರಮ್ಮ ಹೇಗಿದ್ದರು?’ ಅಂತ ಕೇಳಿದರೆ ‘ತುಂಬಾ ಒಳ್ಳೆಯವರು’ ಅಂತಲೇ ಉತ್ತರ ಬರುತ್ತದೆ. ಹಾಗಾಗಿ ‘ಅವರು ನಿಮಗೆ ಮಾಡಿದ ಒಂದು ಕೆಲಸ ಹೇಳಿ’ ಅಂತ ಕೇಳಿದೆ. ಹೇಳಿದ ಹಾಗೆಯೇ ಬರೆದುಕೊಂಡೆ, ತುಳುವಿನಲ್ಲಿ ಹೇಳಿದ್ದನ್ನು ತುಳುವಿನಲ್ಲೇ.

ಮಾರ್ಕೆಟಿನ ಹೂವಿನವರು ನಮ್ಮ ಸಭೆಯವರಲ್ಲ. ಅವರನ್ನೂ ಕೇಳಿದೆ. ಹಬ್ಬದ ಮುಂಚೆ ದರ ಏರಿದರೂ ಟೀಚರಮ್ಮ ಚೌಕಾಸಿ ಮಾಡುತ್ತಿರಲಿಲ್ಲವಂತೆ. ‘ದೇವರಿಗೆ ಇಡುವ ಹೂವಿಗೆ ನಿನ್ನ ಹೊಟ್ಟೆಗೆ ಹೊಡೆಯಲಾ?’ ಅನ್ನುತ್ತಿದ್ದರಂತೆ. ಜಗಳ ಮಾಡಿಕೊಂಡು ಸಭೆ ಬಿಟ್ಟ ಒಬ್ಬರ ಮನೆಗೂ ಹೋದೆ. ಕ್ರಿಸ್ಮಸ್ಸಿಗೆ ಅವರಿಗೆ ಟೀಚರಮ್ಮನ ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳ) ಡಬ್ಬಿ ತಪ್ಪಿದ್ದೇ ಇಲ್ಲ. ಡಬ್ಬಿ ಕೊಟ್ಟು, ಮಕ್ಕಳ ಓದು ವಿಚಾರಿಸಿ ಹೊರಡುತ್ತಿದ್ದರು. ಸಭೆಗೆ ವಾಪಸು ಬನ್ನಿ ಅಂತ ಒಂದು ಸಲವೂ ಒತ್ತಾಯಿಸಲಿಲ್ಲವಂತೆ.

ಮಾತು ತೊದಲುವ ಒಬ್ಬರು ಹೇಳಿದ್ದು ನನಗೆ ಎಲ್ಲಕ್ಕಿಂತ ಹೆಚ್ಚು ತಾಗಿತು. ಚಿಕ್ಕವರಿದ್ದಾಗ ಟೀಚರಮ್ಮ ಪ್ರತಿ ವಾರ ಅವರಿಂದ ಬೈಬಲಿನ ಒಂದೇ ಒಂದು ವಚನ ಓದಿಸುತ್ತಿದ್ದರು. ಅವರು ಎಲ್ಲಿ ತಡವರಿಸಿದರೂ ಶಬ್ದವನ್ನು ತಾವು ಪೂರ್ತಿ ಮಾಡುತ್ತಿರಲಿಲ್ಲ. ಬೇರೆ ಮಕ್ಕಳು ಹೇಳಿಕೊಡಲು ಬಾಯಿ ತೆರೆದರೆ ಕೈ ಎತ್ತಿ ತಡೆಯುತ್ತಿದ್ದರು.

ಟೀಚರಮ್ಮನ ಮಗಳು ಅಮ್ಮನ ಸಂಗೀತ ಪುಸ್ತಕ ತೋರಿಸಿದರು. ಬೈಂಡ್ ಬಿಟ್ಟುಹೋಗಿ, ಬಟ್ಟೆ ಪಟ್ಟಿ ಅಂಟಿಸಿದ ಪುಸ್ತಕ. ಕೆಲವು ಸಂಗೀತಗಳ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಪೆನ್ಸಿಲಿನಿಂದ ಹೆಸರು, ತಾರೀಕು. ಮೊದಲು ಅರ್ಥವಾಗಲಿಲ್ಲ. ಹೆಸರುಗಳನ್ನು ಒಂದೊಂದಾಗಿ ಓದುತ್ತಾ ಹೋದ ಮೇಲೆ ಗೊತ್ತಾಯಿತು: ಯಾರನ್ನು ಮಣ್ಣು ಮಾಡುವಾಗ ಯಾವ ಸಂಗೀತ ಹಾಡಿದೆವು ಅಂತ ಟೀಚರಮ್ಮ ಬರೆದಿಟ್ಟಿದ್ದರು. ಹುಟ್ಟಿ ವಾರದಲ್ಲೇ ತೀರಿಹೋದ ಮಗುವಿನ ಹೆಸರೂ ಇತ್ತು. ಆರಾಧನೆಗೆ ಸಂಗೀತಗಳನ್ನು ಆ ಪುಟಗಳಿಂದಲೇ ಆರಿಸಿದೆವು. ಪಕ್ಕದಲ್ಲಿದ್ದ ಹೆಸರುಗಳನ್ನು ಓದಬಹುದೇ ಅಂತ ಆಯಾ ಮನೆಯವರನ್ನು ಮೊದಲೇ ಕೇಳಿದೆ. ಇದು ಬಹಳ ಮುಖ್ಯ. ಒಂದು ಮನೆಯವರು ಬೇಡ ಅಂದರು, ಬಿಟ್ಟೆವು.

ಆರಾಧನೆಯಲ್ಲಿ ಮಾತನಾಡುವವರಿಗೆ ಮೂರು ನಿಮಿಷ. ನೋಟ್‌ಬುಕ್ಕಿನಲ್ಲಿ ಇದ್ದದ್ದನ್ನೇ ಹೇಳಬೇಕು, ಹೊಗಳಿಕೆ ಬೇಡ ಅಂತ ಮೊದಲೇ ಹೇಳಿದ್ದೆ. ಅಳು ಬಂದರೆ ಬರಲಿ, ಮೈಕ್ ತೆಗೆದುಕೊಳ್ಳಬೇಡಿ ಅಂತ ಯುವಜನರಿಗೂ ತಿಳಿಸಿದ್ದೆ. ಇಪ್ಪತ್ತಮೂರನೇ ಕೀರ್ತನೆ ಓದಲು ಆ ತೊದಲುವವರನ್ನೇ ಕೇಳಿದ್ದೆವು. ಎರಡು ಕಡೆ ನಿಂತರು. ಇಡೀ ಸಭೆ ಕಾಯಿತು. ಮುಂದಿನ ಸಾಲಿನಲ್ಲಿದ್ದ ಮಕ್ಕಳೂ ತುಟಿ ಬಿಚ್ಚಲಿಲ್ಲ.

ಇದನ್ನೆಲ್ಲ ಬರೆದಿಡಬೇಕು ಅಂತ ನಾನು ಹಟ ಹಿಡಿಯಲು ಕಾರಣವಿದೆ. 1834ರಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯಿಂದ ಮಂಗಳೂರಿಗೆ ಬಂದ ಮಿಶನರಿಗಳಾದ ಹೆಬಿಕ್, ಲೆಹ್ನರ್, ಗ್ರೈನರ್ ಅವರ ಹೆಸರು ನಮಗೆ ಗೊತ್ತು. ಮಿಶನರಿಗಳ ಪತ್ರ, ವರದಿ, ಫೋಟೋಗಳನ್ನು ಸ್ವಿಟ್ಜರ್ಲೆಂಡಿನ ಬಾಸೆಲ್ಲಿನಲ್ಲಿ ಜೋಪಾನ ಮಾಡಿದ್ದಾರೆ. ನಮ್ಮ ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನಲ್ಲೂ ಹಳೆಯ ದಾಖಲೆಗಳ ಸಂಗ್ರಹವಿದೆ. ಆದರೆ ಆ ಕಾಲದಲ್ಲಿ ಇಲ್ಲಿ ಗುಡಿಸಿದವರು, ಹೂ ಇಟ್ಟವರು, ಮಕ್ಕಳಿಗೆ ಹಾಡು ಕಲಿಸಿದ ಹೆಂಗಸರು ಯಾರು? ನಮ್ಮ ಸಭೆಯ ಮರಣ ರಿಜಿಸ್ಟರಿನಲ್ಲಿ ಹೆಸರು, ವಯಸ್ಸು, ಮಣ್ಣು ಮಾಡಿದ ತಾರೀಕು, ಸಭಾಪಾಲಕರ ಸಹಿ ಇರುತ್ತದೆ. ಟೀಚರಮ್ಮನದ್ದೂ ಅಷ್ಟೇ, ಒಂದು ಸಾಲು. ಅದಕ್ಕೇ ನೋಟ್‌ಬುಕ್ಕನ್ನು ನೀಟಾಗಿ ನಕಲು ಮಾಡಿಸಿದೆವು. ಯಾರು ಹೇಳಿದ್ದು, ಯಾವತ್ತು ಹೇಳಿದ್ದು ಅಂತ ಸೇರಿಸಿದೆವು. ಒಂದು ಪ್ರತಿ ಮನೆಯವರಿಗೆ ಕೊಟ್ಟೆವು, ಇನ್ನೊಂದನ್ನು ರಿಜಿಸ್ಟರ್ ಇಡುವ ಕಬ್ಬಿಣದ ಕಪಾಟಿನಲ್ಲೇ ಇಟ್ಟೆವು.

ಸ್ಮರಣೆಗೆ ಕಲ್ಲು ಕೆತ್ತಿಸೋಣ, ಫ್ಯಾನ್ ಕೊಡಿಸೋಣ ಅಂತ ಸಲಹೆಗಳು ಬಂದವು. ಅದು ಮನೆಯವರ ಇಷ್ಟ. ಸಭೆಯಾಗಿ ನಾವು ಅವರ ಕೆಲಸಗಳನ್ನು ಹಂಚಿಕೊಂಡೆವು. ನಂಬರ್ ಬೋರ್ಡ್ ಈಗ ಯುವಜನರದ್ದು. ಹೂವಿಗೆ ತಿಂಗಳಿಗೊಂದು ಮನೆ, ಅದೇ ಹೂವಿನವರಿಂದಲೇ ತರಬೇಕು ಅಂತ ತೀರ್ಮಾನ. ಕುಸ್ವಾರ್ ಡಬ್ಬಿ ಮಾತ್ರ ಸಭೆಯ ಹೆಸರಿನಲ್ಲಿ ಹೋಗುವುದು ಬೇಡ ಅಂದರು ಮಗಳು. ಈ ಕ್ರಿಸ್ಮಸ್ಸಿಗೆ ಅದನ್ನು ತಾವೇ ತೆಗೆದುಕೊಂಡು ಹೋದರು.