ನಮ್ಮಜ್ಜಿಯ ಬದುಕನ್ನು 40 ಪುಟಕ್ಕೆ ಇಳಿಸಿದ್ದು

ಅಜ್ಜಿಯ ವರ್ಷದ ತಿಥಿಗೆ ಒಂದು ಪುಟ್ಟ ಪುಸ್ತಕ ಮಾಡಿ ಬಂದವರಿಗೆಲ್ಲ ಕೊಡೋಣ ಅಂತ ಮನೆಯವರು ಮಾತಾಡಿಕೊಂಡರು. ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮೊಮ್ಮಕ್ಕಳಲ್ಲಿ ಕನ್ನಡ ಟೈಪ್ ಮಾಡಲು ಬರುವವನು ನಾನೊಬ್ಬನೇ, ಅದು ಬಿಟ್ಟರೆ ಬೇರೆ ಅರ್ಹತೆ ಏನಿಲ್ಲ. ನಮ್ಮದು ಸಕಲೇಶಪುರ ತಾಲೂಕು, ಹಾನುಬಾಳು ಕಡೆಯ ಹಳ್ಳಿ. ಸ್ವಲ್ಪ ಕಾಫಿ, ಸ್ವಲ್ಪ ಗದ್ದೆ. ಅಜ್ಜ ಬೇಗ ಹೋದರು. ಐದು ಮಕ್ಕಳನ್ನೂ ತೋಟವನ್ನೂ ನೋಡಿಕೊಂಡವಳು ಅಜ್ಜಿ.

ಬರೆಯಲು ಕೂರುವ ಮೊದಲೇ ಒಂದು ಕಟ್ಟಳೆ ಹಾಕಿಕೊಂಡೆ. ತ್ಯಾಗಮಯಿ, ಕರುಣಾಮಯಿ, ಮಮತೆಯ ಮೂರ್ತಿ ಅನ್ನುವ ಪದಗಳು ಬರಕೂಡದು. ಸರ್ಕಲ್ಲಿನಲ್ಲಿ ಕಟ್ಟುವ ಶ್ರದ್ಧಾಂಜಲಿ ಫ್ಲೆಕ್ಸ್ ನೋಡಿ, ಎಲ್ಲರ ಅಜ್ಜಿಯೂ ಒಂದೇ ಥರ ಇರುತ್ತಾರೆ. ನಮ್ಮಜ್ಜಿ ಕೂಲಿ ಬಟವಾಡೆ ದಿನ ಒಂದು ರೂಪಾಯಿಯ ಲೆಕ್ಕ ತಪ್ಪಿದರೂ ತೋಟದ ಲೆಕ್ಕ ಬರೆಯುವ ರೈಟರನ್ನು ಜಗಲಿಯಿಂದ ಏಳಲು ಬಿಡುತ್ತಿರಲಿಲ್ಲ. ಸೊಸೆಯಂದಿರಿಗೆ ಕಣಜದ ಬೀಗದ ಕೈ ಕೊಟ್ಟಿದ್ದು ತೀರಾ ಕೊನೆಗೆ, ಅದೂ ಗೊಣಗಿಕೊಂಡೇ. ಅದನ್ನೆಲ್ಲ ಬಿಟ್ಟು ಬರೆದರೆ ಓದಿದವರು ಇದು ಯಾರ ಅಜ್ಜಿ ಅಂತ ಕೇಳುತ್ತಾರೆ, ಅಲ್ವಾ?

ಅದೃಷ್ಟಕ್ಕೆ ಅವಳದೇ ದನಿ ಒಂದಿಷ್ಟು ನನ್ನ ಫೋನಿನಲ್ಲಿತ್ತು. ಕಳಲೆ (ಎಳೆ ಬಿದಿರು) ಪಲ್ಯ ಮಾಡುವುದನ್ನು ಕಲಿಯಲು ಸುಮ್ನೆ ರೆಕಾರ್ಡ್ ಮಾಡಿಕೊಂಡಿದ್ದು. ಚಿಕ್ಕಪ್ಪ ಒಮ್ಮೆ ಎದುರಿಗೆ ಕೂತು, "ಅವ್ವ, ನಿನ್ನ ಜೀವನದ ಬಗ್ಗೆ ಹೇಳು" ಅಂದಾಗ, "ಏನಿದೆ ಹೇಳಕ್ಕೆ? ಕಷ್ಟ ಇತ್ತು, ಕಳೀತು" ಅಂತ ಎದ್ದು ಹೋಗಿದ್ದಳು. ಅದೇ ಅಜ್ಜಿ ಕಳಲೆ ಹೆಚ್ಚುತ್ತಾ, ನೀರು ಬದಲಾಯಿಸದಿದ್ದರೆ ಕಹಿ ಹೋಗಲ್ಲ ಅನ್ನುವಲ್ಲಿಂದ ಶುರು ಮಾಡಿ, ಅದನ್ನು ಕಲಿಸಿದ ಅತ್ತೆ, ಆ ಅತ್ತೆಯ ಬಾಯಿ, ಆ ವರ್ಷ ಹೊಳೆ ಉಕ್ಕಿ ಅಕ್ಕಿ ತರಲಾಗದೆ ಹಲಸಿನ ಬೀಜ ಬೇಯಿಸಿ ತಿಂದಿದ್ದು, ಎಲ್ಲ ಹೇಳಿದ್ದಳು. ಕೈಗೆ ಕೆಲಸ ಇದ್ದರೆ ಬಾಯಿ ತಾನೇ ಬಿಡುತ್ತದೆ. ಹಾಗಾಗಿ ಅವಳ ತಂಗಿಯ ಹತ್ತಿರ, ದೊಡ್ಡತ್ತೆಯ ಹತ್ತಿರ ಮಾತಾಡಲು ಹೋದಾಗಲೆಲ್ಲ ಅಡುಗೆಮನೆಯಲ್ಲೇ ಕೂತೆ. ಅವರೆಕಾಳು ಹಿತುಕುವಾಗ ಬಂದಷ್ಟು ಮಾತು ಸೋಫಾದಲ್ಲಿ ಬರಲಿಲ್ಲ. ಇದನ್ನು ಮಾಡುವವರಿಗೆ ಎರಡು ಮಾತು: ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲದಿದ್ದರೆ ಒಳ್ಳೆಯ ಕತೆಯ ಮಧ್ಯೆ ಕರೆ ಬರುತ್ತದೆ. ಆಷಾಢದಲ್ಲಿ ತಗಡಿನ ಮಾಡಿನ ಕೆಳಗೆ ರೆಕಾರ್ಡ್ ಮಾಡಬೇಡಿ. ನಮ್ಮ ಕಡೆಯ ಮಳೆಯಲ್ಲಿ ಬರೀ ಮಳೆಯೇ ಕೇಳುತ್ತದೆ.

ಜಾಸ್ತಿ ಹೊತ್ತು ತಿಂದಿದ್ದು ಇಸವಿ. ಆಧಾರ್ ಕಾರ್ಡಿನಲ್ಲಿ ಅವಳು ಹುಟ್ಟಿದ್ದು 1942ರ ಜನವರಿ 1. ಆ ಕಾಲದವರಲ್ಲಿ ಎಷ್ಟೋ ಜನಕ್ಕೆ ಹುಟ್ಟಿದ ದಿನ ಜನವರಿ 1 ಅಂತಲೇ ಇರುತ್ತದೆ, ನಂಬುವ ಹಾಗಿಲ್ಲ. ಆದರೆ ಅವಳ ತಂಗಿಗೆ ಒಂದು ಮಾತು ನೆನಪಿತ್ತು. ಅಕ್ಕ ಹುಟ್ಟಿದ್ದು ಧಾತು ಸಂವತ್ಸರ, ಪುಷ್ಯ ಮಾಸ ಅಂತ ಅವರಪ್ಪ ಹೇಳುತ್ತಿದ್ದರಂತೆ. ಇದು ಸಿಕ್ಕಿದರೆ ಕೆಲಸ ಸುಲಭ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. 1996ರ ಯುಗಾದಿಗೆ ಧಾತು ಶುರುವಾಯಿತು, ಅದಕ್ಕೆ 60 ಕಳೆದರೆ 1936. ಪುಷ್ಯ ಬರುವುದು ಸಂಕ್ರಾಂತಿಯ ಆಸುಪಾಸಿಗೆ, ಆದ್ದರಿಂದ 1937ರ ಜನವರಿ-ಫೆಬ್ರವರಿ. ಸರ್ಕಾರದ ಲೆಕ್ಕದಲ್ಲಿ ಅಜ್ಜಿ ಐದು ವರ್ಷ ಚಿಕ್ಕವಳಾಗಿಯೇ ಬದುಕಿದ್ದಳು.

ಸಂವತ್ಸರ ಗೊತ್ತಿಲ್ಲದ ಕಡೆ ಊರಿಗೆಲ್ಲ ನೆನಪಿರುವ ಸಂಗತಿ ಹಿಡಿದೆ. ದೊಡ್ಡತ್ತೆಯ ಮದುವೆ ಯಾವಾಗ? "ಚಿಕ್ಕಮಗಳೂರಲ್ಲಿ ಇಂದಿರಾಗಾಂಧಿ ಗೆದ್ದರಲ್ಲ, ಅದರ ಮುಂದಿನ ಬೇಸಿಗೆ." ಆ ಉಪಚುನಾವಣೆ ನಡೆದಿದ್ದು 1978ರ ನವೆಂಬರಿನಲ್ಲಿ, ಅಲ್ಲಿಗೆ ಮದುವೆ 1979. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಮುಗಿದಿದ್ದೂ 1979ರಲ್ಲೇ. ಆ ಹೊತ್ತಿಗೆ ಅಜ್ಜಿಯ ತವರು ಹಿನ್ನೀರಿನ ಪಾಲಾಗಿತ್ತು. ಮೊದಲ ಮಗಳ ಮದುವೆಯ ವರ್ಷವೇ ತವರುಮನೆಯೂ ಇಲ್ಲ ಅನ್ನುವುದು ಎರಡು ಇಸವಿ ಅಕ್ಕಪಕ್ಕ ಬರೆದಾಗಲೇ ನನಗೆ ಹೊಳೆದಿದ್ದು. ಅಜ್ಜಿ ಆ ಎರಡನ್ನೂ ಸೇರಿಸಿ ಹೇಳಿದ್ದು ನಾನು ಕೇಳಿಲ್ಲ.

ಮುಳುಗಿದ ಮನೆಯ ಒಂದು ಫೋಟೋ ಕೂಡ ಇಲ್ಲ. ಎಲ್ಲರೂ ಫೋಟೋ ತೆಗೆಯುವುದು ಅದೇ ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿಯ ಚರ್ಚನ್ನು, ಅದು ಗೋಡೆ ಗಟ್ಟಿ ಇದ್ದು ನಿಂತಿದೆ. ಮಣ್ಣಿನ ಮನೆಗಳನ್ನು ಯಾರು ಕೇಳುತ್ತಾರೆ? ಒಂದು ದೊಡ್ಡ ಡ್ರಾಯಿಂಗ್ ಹಾಳೆ ಹರಡಿ, ಅಜ್ಜಿಯ ತಂಗಿಯನ್ನೂ ಅವರ ಅಣ್ಣನ ಮಗನನ್ನೂ ಎದುರುಬದುರು ಕೂರಿಸಿ ಮನೆಯ ನಕ್ಷೆ ಬರೆಸಿದೆ. ಇಡೀ ಕೆಲಸದಲ್ಲಿ ನನಗೆ ಸಿಕ್ಕ ಒಳ್ಳೆಯ ಉಪಾಯ ಇದೇ ಅಂತ ಈಗಲೂ ಹೇಳುತ್ತೇನೆ. ಜಗಲಿ, ನಡುಮನೆ, ಕೊಟ್ಟಿಗೆ ಅಂತ ಗೆರೆ ಎಳೆಯುತ್ತಾ ಹೋದ ಹಾಗೆ ಪ್ರತಿ ಮೂಲೆಯಿಂದ ಒಬ್ಬರು ಎದ್ದು ಬಂದರು. ಬಚ್ಚಲುಮನೆ ಬಾಗಿಲು ಯಾವ ದಿಕ್ಕಿಗಿತ್ತು ಅನ್ನುವುದಕ್ಕೆ ಅರ್ಧ ಗಂಟೆ ಜಗಳ ಆಯಿತು. ಹಂಡೆಯ ಹಿಂದೆ ಅಡಗಿ ಕೂತು ಹೆಣ್ಣು ನೋಡಲು ಬಂದವರ ಮುಂದೆ ಬರಲ್ಲ ಅಂತ ಅಜ್ಜಿ ಹಟ ಮಾಡಿದ್ದು ಆ ಜಗಳದಲ್ಲೇ ಹೊರಬಂತು.

ಆಮೇಲೆ ಟ್ರಂಕು. ಅದರಲ್ಲಿ ಭೂ ನ್ಯಾಯಮಂಡಳಿಯ ಕಾಗದಗಳಿದ್ದವು. 1974ರ ಭೂ ಸುಧಾರಣೆ ಬಂದಾಗ ಗೇಣಿಗೆ ಮಾಡುತ್ತಿದ್ದ ಗದ್ದೆ ತನ್ನ ಹೆಸರಿಗೆ ಆಗಲಿ ಅಂತ ಅಜ್ಜಿ ಡಿಕ್ಲರೇಷನ್ ಹಾಕಿದ್ದಳು. ಅದರಲ್ಲಿ ಇರುವುದು ಹೆಬ್ಬೆಟ್ಟು. ಜೊತೆಗೆ ಕಾಫಿ ಬೋರ್ಡಿನ ಪೂಲ್ ರಸೀದಿಗಳ ಕಟ್ಟು. ಆಗ ಬೆಳೆದ ಕಾಫಿಯನ್ನು ಬೋರ್ಡಿಗೇ ಕೊಡಬೇಕಿತ್ತು, ದುಡ್ಡು ಕಂತಿನಲ್ಲಿ ಬರುತ್ತಿತ್ತು. ಮುಂದಿನ ಕಂತು ಬರುವವರೆಗೆ ಮನೆ ಹೇಗೆ ನಡೆಯಿತು ಅನ್ನುವುದೇ ಒಂದು ಅಧ್ಯಾಯ ಆಯಿತು. ರಸೀದಿಗಳನ್ನು ಇಸವಿ ಪ್ರಕಾರ ಜೋಡಿಸಿದಾಗ ಮೊದಮೊದಲು ಹೆಬ್ಬೆಟ್ಟು, 1983ರಿಂದ ಸಹಿ. ವಕ್ರ ಅಕ್ಷರ, ಆದರೆ ಪೂರ್ತಿ ಹೆಸರು. ಯಾರು ಕಲಿಸಿದರು ಅಂತ ಮಕ್ಕಳು ಯಾರಿಗೂ ಗೊತ್ತಿಲ್ಲ. ಇವನೇ, ಅವಳೇ ಅಂತ ಊಹೆ ಮಾಡಿದರು. ನಾನು ಊಹೆ ಬರೆಯಲಿಲ್ಲ. ಎರಡು ಕಾಗದದ ಫೋಟೋ ಎದುರುಬದುರು ಪುಟದಲ್ಲಿ ಹಾಕಿ, ಕೆಳಗೆ ಇಸವಿ ಮಾತ್ರ ಕೊಟ್ಟೆ.

ತಕರಾರು ಬಂದಿದ್ದು ಕೋರ್ಟ್ ಕೇಸಿಗೆ. ಅಜ್ಜಿ ತನ್ನ ಮೈದುನನ ಮೇಲೆ ಪಾಲಿನ ವಿಚಾರಕ್ಕೆ ವರ್ಷಗಟ್ಟಲೆ ಕೇಸು ನಡೆಸಿದ್ದಳು. "ಅದೆಲ್ಲ ಯಾಕೋ? ತಿಥಿಗೆ ಅವರ ಕಡೆಯವರೂ ಬರ್ತಾರೆ" ಅಂದರು ದೊಡ್ಡಪ್ಪ. ಅವರು ಹೇಳಿದ್ದರಲ್ಲೂ ನ್ಯಾಯ ಇತ್ತು. ಆದರೆ ಅಜ್ಜಿಯ ನಡುವಯಸ್ಸು ಪೂರ್ತಿ ಆ ಕೇಸಿನಲ್ಲೇ ಕಳೆದಿತ್ತು. ಕೊನೆಗೆ ಯಾರು ಸರಿ ಯಾರು ತಪ್ಪು ಅನ್ನುವ ಮಾತಿಲ್ಲದೆ ಒಂದು ಪುಟ ಬರೆದು, ಅಚ್ಚಿಗೆ ಹೋಗುವ ಮೊದಲು ಆ ಮೈದುನನ ಮಗನಿಗೆ ಕೊಟ್ಟೆ. ಅವರು ಓದಿ ನಕ್ಕರು. "ಇದನ್ನೂ ಸೇರಿಸ್ಕೊ ಮಗ. ವಾಯಿದೆ ದಿನ ಇಬ್ಬರೂ ಒಂದೇ ಬಸ್ಸಲ್ಲಿ ಹೋಗ್ತಿದ್ರು. ಇದ್ದಿದ್ದೇ ಒಂದು ಬಸ್ಸು. ದೊಡ್ಡಮ್ಮ ಬುತ್ತಿಯ ಅಕ್ಕಿರೊಟ್ಟಿ ಅಪ್ಪಂಗೂ ಕೊಡೋರು, ಮಾತು ಮಾತ್ರ ಆಡ್ತಿರಲಿಲ್ಲ." ಸೇರಿಸಿದೆ.

ಅಚ್ಚಿನ ಕೆಲಸ ಹಾಸನದಲ್ಲಿ. ಮಧ್ಯಕ್ಕೆ ಪಿನ್ ಹೊಡೆಯುವ ಪುಸ್ತಕಕ್ಕೆ ಪುಟಗಳು ನಾಲ್ಕರ ಲೆಕ್ಕದಲ್ಲಿ ಇರಬೇಕು, ಹಾಗಾಗಿ 40. ನಾನು ಯೂನಿಕೋಡಿನಲ್ಲಿ ಟೈಪ್ ಮಾಡಿದ್ದೆ, ಡಿಟಿಪಿಯವರು ಹಳೆಯ ನುಡಿ ಫಾಂಟಿಗೆ ಬದಲಾಯಿಸಿದರು. ಬದಲಾಯಿಸಿದ ಮೇಲೆ ಮತ್ತೊಮ್ಮೆ ಪೂರ್ತಿ ಓದಲೇಬೇಕು, ಒತ್ತಕ್ಷರಗಳು ಎಲ್ಲೆಲ್ಲೋ ಹೋಗಿ ಕೂತಿರುತ್ತವೆ. ಗುಂಪು ಫೋಟೋಗಳ ಜೆರಾಕ್ಸ್ ತೆಗೆದು, ಮುಖಗಳ ಮೇಲೆ ನಂಬರ್ ಹಾಕಿ, ಹಿರಿಯರಿಂದ ಹೆಸರು ಬರೆಸಿಕೊಂಡಿದ್ದೆ. ಇಬ್ಬರು ಬೇರೆ ಬೇರೆ ಹೆಸರು ಹೇಳಿದ ಮುಖಕ್ಕೆ ಹೆಸರು ಹಾಕಲಿಲ್ಲ.

ತಿಥಿಯ ದಿನ ಊಟದ ಪಂಕ್ತಿಯಲ್ಲೇ ತಿದ್ದುಪಡಿ ಶುರುವಾಯಿತು. ಹಸುವಿನ ಹೆಸರು ಕಾವೇರಿ ಅಲ್ಲ, ಗೌರಿ. ಹಲಸಿನ ಮರ ಇದ್ದಿದ್ದು ಕಣದ ಆಚೆ. ಕಳಲೆಗೆ ಅಜ್ಜಿ ತೆಂಗಿನಕಾಯಿ ಹಾಕುತ್ತಿರಲಿಲ್ಲ ಅಂತ ಚಿಕ್ಕಮ್ಮ, ಹಾಕುತ್ತಿದ್ದಳು ಅಂತ ದೊಡ್ಡತ್ತೆ. ಎಲ್ಲ ಬರೆದಿಟ್ಟುಕೊಂಡಿದ್ದೇನೆ, ಪ್ರತಿ ಸಿಗದವರಿಗೆ ಇನ್ನೊಂದಿಷ್ಟು ಅಚ್ಚು ಹಾಕಿಸುವಾಗ ಸರಿ ಮಾಡಬೇಕು. ಕೇಸಿನ ಪುಟದ ಬಗ್ಗೆ ಮಾತ್ರ ಯಾರೂ ಚಕಾರ ಎತ್ತಲಿಲ್ಲ.