ಬಣ್ಣ ಬಿಡಿ, ಅಂಗಾಲು ನೋಡಿ

ಮಲೇಬೆನ್ನೂರು ಕಡೆ ಭತ್ತದ ಗದ್ದೆಯಲ್ಲಿ ವಟಗುಟ್ಟುವ ದಪ್ಪ ಕಪ್ಪೆಗಳಿಗೆಲ್ಲ ನಾವು ಗೋಂಕರು ಕಪ್ಪೆ ಅಂತ ಒಂದೇ ಹೆಸರು ಇಟ್ಟುಬಿಟ್ಟಿದ್ದೇವೆ. ಆದರೆ ಇದರಲ್ಲಿ ಎರಡು ಜಾತಿ ಇವೆ. ಒಂದು ಹೋಪ್ಲೋಬಟ್ರಾಕಸ್ ಟೈಗರಿನಸ್. ಇನ್ನೊಂದು ಅದರ ದಾಯಾದಿ ಕ್ರಾಸಸ್, 1853ರಲ್ಲಿ ಜೆರ್ಡನ್ ಎಂಬ ಬ್ರಿಟಿಷ್ ವೈದ್ಯ ಹೆಸರಿಟ್ಟಿದ್ದು.

ಎಲ್ಲರೂ ಮೊದಲು ನೋಡುವುದು ಬಣ್ಣವನ್ನೇ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಟೈಗರಿನಸ್ ಗಂಡು ನಿಂಬೆಹಣ್ಣಿನ ಹಳದಿಗೆ ತಿರುಗುತ್ತದೆ, ಗಂಟಲ ಎರಡೂ ಬದಿ ನೀಲಿ ಚೀಲ ಉಬ್ಬುತ್ತವೆ. ಕ್ರಾಸಸ್ ಇಷ್ಟು ಕಡು ಹಳದಿ ಆಗುವುದಿಲ್ಲ. ಸರಿ, ಆದರೆ ಆ ಬಣ್ಣ ಎಷ್ಟು ದಿನ ಇರುತ್ತೆ? ಹೆಣ್ಣಿಗಂತೂ ಅದು ಬರುವುದೇ ಇಲ್ಲ. ಗಾತ್ರವೂ ಅಷ್ಟೇ. ಟೈಗರಿನಸ್ ಜಾಸ್ತಿ ದೊಡ್ಡದಾಗಿ ಬೆಳೆಯುತ್ತೆ ನಿಜ, ಆದರೆ ಅದರ ಎಳೆ ಕಪ್ಪೆಯೂ ಬಲಿತ ಕ್ರಾಸಸ್ಸೂ ಒಂದೇ ಅಳತೆ ಇರಬಹುದು ಅಲ್ವಾ?

ಹಾಗಾಗಿ ನಾನು ಅಂಗಾಲು ನೋಡುತ್ತೇನೆ. ಕೈಯಲ್ಲಿ ಹಿಡಿದರೆ ಒದ್ದಾಡುತ್ತೆ, ಉಚ್ಚೆ ಹೊಯ್ಯುತ್ತೆ. ಅದಕ್ಕೇ ಸ್ವೀಟ್ ಅಂಗಡಿಯ ಪಾರದರ್ಶಕ ಡಬ್ಬಿ ಒಯ್ಯುತ್ತೇನೆ. ಕೈ ಒದ್ದೆ ಮಾಡಿಕೊಂಡು (ಸೊಳ್ಳೆ ಮುಲಾಮು ಹಚ್ಚಿದ ಕೈ ಬೇಡವೇ ಬೇಡ, ಅದರ ಚರ್ಮ ಎಲ್ಲವನ್ನೂ ಹೀರಿಕೊಳ್ಳುತ್ತೆ) ಕಪ್ಪೆಯನ್ನು ಒಳಗೆ ಕೂರಿಸಿ, ಡಬ್ಬಿ ಮೇಲೆತ್ತಿ ತಳದಿಂದ ಟಾರ್ಚ್ ಬಿಟ್ಟು ಮೊಬೈಲಲ್ಲಿ ಒಂದು ಫೋಟೋ. ಹಿಂಗಾಲಿನ ಒಳಗಿನ ಬೆರಳಿನ ಬುಡದಲ್ಲಿ ಒಂದು ಗಂಟು ಕಾಣುತ್ತೆ. ಟೈಗರಿನಸ್‌ನದು ಚಿಕ್ಕದು, ಮೊಂಡು. ಕ್ರಾಸಸ್‌ನದು ಉದ್ದ, ಚಪ್ಪಟೆ, ಅಂಚು ಹರಿತ, ಥೇಟ್ ಸಲಿಕೆಯ ಬಾಯಿ. ಮಣ್ಣು ಬಗೆದು ಒಳಗೆ ಇಳಿಯಲು ಅದಕ್ಕೆ ಅದೇ ಹತಾರ. ಬೆರಳುಗಳ ನಡುವಿನ ಪೊರೆಯೂ ಟೈಗರಿನಸ್‌ಗೆ ಹೆಚ್ಚುಕಡಿಮೆ ತುದಿಯವರೆಗೆ ಇರುತ್ತೆ, ಕ್ರಾಸಸ್‌ಗೆ ಸ್ವಲ್ಪ ಕಡಿಮೆ. ಕತ್ತಲಲ್ಲಿ ಅದನ್ನು ನಾನು ಅಷ್ಟಾಗಿ ನೆಚ್ಚಿಕೊಳ್ಳುವುದಿಲ್ಲ.

ಭದ್ರಾ ನಾಲೆಯ ಗದ್ದೆಗಳಲ್ಲಿ ನನಗೆ ಸಿಕ್ಕಿದ್ದು ಹೆಚ್ಚಾಗಿ ಟೈಗರಿನಸ್. ಚಿತ್ರದುರ್ಗದ ಕಡೆ ಎರೆಹೊಲದ ಬದುವಿನಲ್ಲಿ ಮಳೆ ನಿಂತ ಹೊಂಡಗಳಲ್ಲಿ ಸಲಿಕೆ ಕಾಲಿನವು ಸಿಕ್ಕವು. ಅಲ್ಲಿನ ರೈತರೊಬ್ಬರು 'ತಿನ್ನೋಕಾ ಸ್ವಾಮಿ?' ಅಂತ ಕೇಳಿದ್ದರು. ಟೈಗರಿನಸ್ ಕಾಲುಗಳು ಒಂದು ಕಾಲಕ್ಕೆ ರಫ್ತಾಗುತ್ತಿದ್ದವು, 1987ರಲ್ಲಿ ಸರ್ಕಾರ ನಿಲ್ಲಿಸಿತು. ನಾನು ಡಬ್ಬಿ ಓರೆ ಮಾಡಿ ಬಿಟ್ಟಿದ್ದನ್ನು ನೋಡಿ ಅವರಿಗೆ ನಗು ಬಂತು.

ಬದುವಿನ ಮೇಲೆ ಬರಿಗಾಲಲ್ಲಿ ಮಾತ್ರ ಹೋಗಬೇಡಿ. ಕಪ್ಪೆ ಇದ್ದಲ್ಲಿ ಹಾವೂ ಬರುತ್ತೆ.