ಮಂಡಿ ನೋವೆಂದು ಬಂದವರ ಸೊಂಟದ ಕೀಲನ್ನು ಮೊದಲು ನೋಡುತ್ತೇನೆ

ಮಂಡಿ ನೋವೆಂದು ಬಂದವರನ್ನು ಅಂಗಾತ ಮಲಗಿಸಿ ನಾನು ಮೊದಲು ಪರೀಕ್ಷಿಸುವುದು ಸೊಂಟದ ಕೀಲನ್ನು, ಅಂದರೆ ತೊಡೆಮೂಳೆ ಸೊಂಟಕ್ಕೆ ಸೇರುವ ಜಾಗವನ್ನು. ಆ ಕೀಲಿಗೂ ಮಂಡಿಗೂ ಹೋಗುವ ಕೆಲವು ನರಗಳು ಒಂದೇ. ಹಾಗಾಗಿ ಸವೆತ ಸೊಂಟದ ಕೀಲಿನಲ್ಲಿದ್ದರೂ ಕೆಲವರಿಗೆ ನೋವು ಮಂಡಿಯಲ್ಲಷ್ಟೇ ಕಾಣಿಸಿಕೊಳ್ಳುತ್ತದೆ. ಶಾಖ, ಎಣ್ಣೆ, ಇಂಜೆಕ್ಷನ್ ಎಲ್ಲ ಮಂಡಿಗೇ ಆಗಿ ಗುಣ ಕಾಣದೆ ಬರುವವರಲ್ಲಿ ಇಂಥವರು ಇದ್ದೇ ಇರುತ್ತಾರೆ.

ಪರೀಕ್ಷೆಗೆ ಒಂದು ನಿಮಿಷ ಸಾಕು. ತೊಡೆಯನ್ನೂ ಮಂಡಿಯನ್ನೂ 90 ಡಿಗ್ರಿಗೆ ಮಡಚಿ, ತೊಡೆ ಅಲುಗದಂತೆ ಹಿಡಿದು, ಪಾದವನ್ನು ನಿಧಾನಕ್ಕೆ ಹೊರಗೆ ಸರಿಸಬೇಕು. ಆಗ ಸೊಂಟದ ಕೀಲು ಒಳಗೆ ತಿರುಗುತ್ತದೆ. ಸಾಮಾನ್ಯವಾಗಿ 30 ಡಿಗ್ರಿಯಷ್ಟು ತಿರುಗುವ ಕೀಲು 15 ದಾಟದೆ ನಿಂತು, ತೊಡೆಸಂದಿನಲ್ಲಿ ನೋವು ಬಂದರೆ ಸಂಶಯ ಸೊಂಟದ ಕೀಲಿನ ಮೇಲೆ. ಆ ಬದಿಯ ಪಿರ್ರೆ ಮಂಚದಿಂದ ಮೇಲೆದ್ದರೆ ಅಳತೆ ಸುಳ್ಳು. ಕೀಲು ತಿರುಗದೆ ಇಡೀ ಸೊಂಟವೇ ತಿರುಗಿರುತ್ತದೆ. ಇನ್ನೊಂದು ಕಾಲಿನ ಜೊತೆ ಹೋಲಿಸದೆ ಏನನ್ನೂ ಹೇಳುವುದಿಲ್ಲ, ಕೆಲವರ ಕೀಲುಗಳು ಮೊದಲಿನಿಂದಲೂ ಬಿಗಿ. ಜೊತೆಗೆ ಒಂದು ಪ್ರಶ್ನೆ: "ಕಾಲಿನ ಉಗುರು ನೀವೇ ಕತ್ತರಿಸಿಕೊಳ್ಳುತ್ತೀರಾ?" ಸೊಂಟದ ಕೀಲು ಸವೆದವರು ಇದನ್ನು ಬೇಗನೆ ಮನೆಯವರಿಗೆ ಬಿಟ್ಟುಕೊಟ್ಟಿರುತ್ತಾರೆ.

"ಸೊಂಟ ನೋವು" ಎಂದವರಿಗೆ ಕೈಯಿಟ್ಟು ತೋರಿಸಲು ಹೇಳುತ್ತೇನೆ. ತೊಡೆಸಂದು ತೋರಿಸಿದರೆ ಕೀಲು. ಬೆನ್ನಿನ ಕೆಳಗೆ, ಪಿರ್ರೆಯ ಹಿಂದೆ ತೋರಿಸಿದರೆ ಹೆಚ್ಚಾಗಿ ಬೆನ್ನುಮೂಳೆಯ ಕಡೆಯದು. ಹೊರಬದಿಯ ಮೂಳೆಯ ಉಬ್ಬಿನ ಮೇಲೆ ಬೆರಳಿಟ್ಟು, ಆ ಮಗ್ಗುಲಿಗೆ ಮಲಗಲಾಗುವುದಿಲ್ಲ ಎಂದರೆ ಪಿರ್ರೆಯ ಸ್ನಾಯು ಮೂಳೆಗೆ ಅಂಟುವಲ್ಲಿ ತೊಂದರೆ. ನಲವತ್ತು ದಾಟಿದ ಹೆಂಗಸರಲ್ಲಿ ಇದು ಬಹಳ. ಇದಕ್ಕೆ ಕಾಲನ್ನು ಅಡ್ಡ ಎಳೆದು ಸ್ಟ್ರೆಚ್ ಮಾಡಿಸುವ ರೂಢಿಯಿದೆ, ಅದರಿಂದ ನೋವು ಹೆಚ್ಚುತ್ತದೆ: ಎಳೆದಾಗ ಸ್ನಾಯುವಿನ ತುದಿ ಮೂಳೆಯ ಉಬ್ಬಿಗೆ ಒತ್ತಿಕೊಳ್ಳುತ್ತದೆ. ಕಾಲ ಮೇಲೆ ಕಾಲು ಹಾಕಿ ಕೂರುವುದು, ಒಂದೇ ಕಾಲಿಗೆ ಭಾರ ಬಿಟ್ಟು ನಿಲ್ಲುವುದು ಬಿಡಬೇಕು. ರಾತ್ರಿ ಎರಡು ಮಂಡಿಗಳ ನಡುವೆ ದಪ್ಪ ದಿಂಬು.

ನೋವು ಮಂಡಿಯದೇ ಎಂದಾದ ಮೇಲೆ ಎಕ್ಸ್‌ರೇ. ಅದನ್ನು ನಿಲ್ಲಿಸಿಯೇ ತೆಗೆಯಬೇಕು. ಮಲಗಿಸಿ ತೆಗೆದರೆ ಭಾರ ಬೀಳದೆ ಮೂಳೆಗಳ ನಡುವಿನ ಜಾಗ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ. "ಗ್ಯಾಪ್ ಹೋಗಿದೆ" ಎಂಬ ಒಂದು ಮಾತಿಗೆ ಹೆದರಿ ನಡೆಯುವುದನ್ನೇ ನಿಲ್ಲಿಸಿದವರ ತೊಡೆ ಕೆಲವೇ ವಾರಗಳಲ್ಲಿ ಸೊರಗುತ್ತದೆ. ಚಿತ್ರಕ್ಕೂ ನೋವಿಗೂ ಲೆಕ್ಕ ಕೂಡುವುದಿಲ್ಲ. ನಾಲ್ಕು ಹಂತಗಳಲ್ಲಿ ಸವೆತ ಮೂರನೆಯದರಲ್ಲಿದ್ದೂ ತೋಟಕ್ಕೆ ಹೋಗಿ ಬರುವವರಿದ್ದಾರೆ, ಒಂದನೇ ಹಂತದಲ್ಲೇ ಮೆಟ್ಟಿಲು ಹತ್ತಲಾರದವರೂ ಇದ್ದಾರೆ. ಈ ವ್ಯತ್ಯಾಸಕ್ಕೆ ತೊಡೆಯ ಬಲವೂ ಒಂದು ಕಾರಣ.

ಆದ್ದರಿಂದ ನನ್ನ ಚಿಕಿತ್ಸೆಯ ಹೆಚ್ಚಿನ ಪಾಲು ತೊಡೆ ಮತ್ತು ಪಿರ್ರೆಗೆ ಬಲ ತುಂಬುವುದೇ. ಮೊದಲ ವಾರ ಮಲಗಿ ಮಾಡುವಂಥವು. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು 5 ಸೆಕೆಂಡ್ ಒತ್ತಿ ಹಿಡಿಯುವುದು, 10 ಸಲ. ಆಮೇಲೆ ಕಾಲು ಎತ್ತುವುದು: ಇನ್ನೊಂದು ಮಂಡಿ ಮಡಚಿರಬೇಕು, ಪಾದ ತನ್ನ ಕಡೆಗೆ ಎಳೆದಿರಬೇಕು, ಒಂದು ಅಡಿಗಿಂತ ಮೇಲೆ ಬೇಡ. ಎಲ್ಲರೂ ತಪ್ಪುವುದು ಮಂಡಿ ಒಂಚೂರು ಬಾಗಿದಂತೆಯೇ ಎತ್ತುವಲ್ಲಿ. ಆಗ ಕೆಲಸವೆಲ್ಲ ತೊಡೆಸಂದಿನ ಸ್ನಾಯುವಿನದಾಗಿ, ಬಲ ಬೇಕಾದ ತೊಡೆಯ ಮುಂಭಾಗ ಆರಾಮಾಗಿರುತ್ತದೆ. ಮೊದಲು ಮಂಡಿ ಬಿಗಿ ಮಾಡಿ, ಚಿಪ್ಪು ಮೇಲಕ್ಕೆ ಸರಿದದ್ದು ನೋಡಿ, ಆಮೇಲೆ ಎತ್ತಿ ಎನ್ನುತ್ತೇನೆ. ಪಿರ್ರೆಗೆ, ಮಂಡಿ ಮಡಚಿ ಮಲಗಿ ಸೊಂಟ ಎತ್ತುವ ವ್ಯಾಯಾಮ.

ಎರಡನೇ ವಾರದಿಂದ ಕುರ್ಚಿ. ನಿಜವಾದ ಕೆಲಸ ಆಗುವುದು ಇಲ್ಲಿ. ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಜಾರುತ್ತದೆ, ಗೋಡೆಗೆ ಒತ್ತಿ ಇಡಬೇಕು. ನೋವು ಜಾಸ್ತಿ ಇದ್ದವರಿಗೆ ಮೇಲೆ ಎರಡು ಗಟ್ಟಿ ದಿಂಬು. ಬಲ ಬಂದಂತೆ ಒಂದೊಂದೇ ತೆಗೆಯುವುದು. ಕೈ ಎದೆಗೆ ಕಟ್ಟಿ, ಮುಂದಕ್ಕೆ ಬಾಗಿ ಎದ್ದು, ನಾಲ್ಕು ಎಣಿಸುತ್ತ ಕೂರಬೇಕು. ಧೊಪ್ಪೆಂದು ಕುಳಿತರೆ ಲೆಕ್ಕಕ್ಕಿಲ್ಲ, ಇಳಿಯುವಾಗಲೂ ತೊಡೆ ದುಡಿಯಬೇಕು. ಮಂಡಿಗಳು ಒಳಕ್ಕೆ ಕೂಡಿಕೊಂಡರೆ ಪಿರ್ರೆ ಸೋತಿದೆ ಎಂದರ್ಥ, ಎತ್ತರ ಮತ್ತೆ ಹೆಚ್ಚಿಸುತ್ತೇನೆ. 8ರಿಂದ 10 ಸಲ, ಮೂರು ಸುತ್ತು, ವಾರದಲ್ಲಿ ಮೂರು ದಿನ. ಮೂರನೇ ಸುತ್ತಿನ ಕೊನೆಯ ಎರಡು ಕಷ್ಟ ಎನಿಸಬೇಕು. ಸಲೀಸಾದರೆ ಅಕ್ಕಿಯ ಪುಟ್ಟ ಚೀಲ ಎದೆಗೆ ಅಪ್ಪಿಕೊಂಡು ಮಾಡಲಿ.

"ನೋವಾದರೆ ನಿಲ್ಲಿಸಲೇ?" ಎಂದು ಕೇಳದವರಿಲ್ಲ. ಹತ್ತಕ್ಕೆ ನಾಲ್ಕೈದರವರೆಗಿನ ನೋವು ಪರವಾಗಿಲ್ಲ, ಮರುದಿನ ಅದೇ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ಸರಿ. ಇಳಿಯದಿದ್ದರೆ ಅಥವಾ ಮಂಡಿ ಊದಿದರೆ ಸುತ್ತು ಕಡಿಮೆ ಮಾಡುವುದು, ಬಿಡುವುದಲ್ಲ. ಫಲ ಕಾಣಲು 6ರಿಂದ 12 ವಾರ ಬೇಕು. ಹದಿನೈದು ದಿನಕ್ಕೇ ಬಿಟ್ಟವರೇ ವ್ಯಾಯಾಮದಿಂದ ಏನೂ ಆಗಲಿಲ್ಲ ಎನ್ನುವುದು ಹೆಚ್ಚು.

ಮನೆಯಲ್ಲಿ ಬದಲಿಸಬೇಕಾದವು ಕೆಲವೇ. ನೋವು ಇಳಿಯುವವರೆಗೆ ಕುಕ್ಕರಗಾಲು ಬೇಡ, ಕಮೋಡ್ ಅಥವಾ ಅದರ ಸ್ಟ್ಯಾಂಡ್ ಇರಲಿ. ಅಡಿಕೆ ಸುಲಿಯುವವರು ಗಂಟೆಗಟ್ಟಲೆ ನೆಲಕ್ಕೆ ಕೂರುವ ಬದಲು ಎತ್ತರದ ಮಣೆ ಹಾಕಿಕೊಂಡು ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ಕೋಲು ನೋವಿನ ಕಾಲಿನ ಎದುರು ಕೈಯಲ್ಲಿರಬೇಕು, ಮುಕ್ಕಾಲು ಪಾಲು ಜನ ಅದೇ ಬದಿಗೆ ಹಿಡಿದು ಬರುತ್ತಾರೆ. ಕೋಲಿನ ಎತ್ತರ ಕೈ ಇಳಿಬಿಟ್ಟಾಗ ಮಣಿಕಟ್ಟಿಗೆ ಬರುವಷ್ಟು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ದೇಹದ ತೂಕ ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕೆಜಿ ಇಳಿಯುತ್ತದೆ.

ನೋವಿನ ಜೆಲ್ ಮಂಡಿಗೆ ಉಪಯೋಗ, ಆಳದಲ್ಲಿರುವ ಸೊಂಟದ ಕೀಲಿಗೆ ಅದು ತಲುಪದು. ಬಿಪಿ, ಶುಗರ್, ಕಿಡ್ನಿ ತೊಂದರೆ ಇರುವವರು ಅಂಗಡಿಯಲ್ಲಿ ಕೇಳಿ ನೋವಿನ ಮಾತ್ರೆ ನುಂಗುವುದು ಅಪಾಯ. ಕೀಲಿನ ಸವೆತಕ್ಕೆಂದು ಮಾರುವ ಗ್ಲುಕೋಸಮೈನ್ ಮಾತ್ರೆಗೆ ದುಡ್ಡು ಹಾಕುವ ಬದಲು ಒಳ್ಳೆಯ ಚಪ್ಪಲಿ ಕೊಳ್ಳಿ ಎಂಬುದು ನನ್ನ ಅಭಿಪ್ರಾಯ.

ಕೆಲವರಿಗೆ ನಾನು ವ್ಯಾಯಾಮ ಹೇಳದೆ ಆಸ್ಪತ್ರೆಗೆ ಕಳಿಸುತ್ತೇನೆ. ಜ್ವರದ ಜೊತೆ ಕೀಲು ಊದಿ ಬಿಸಿಯಾಗಿದ್ದರೆ ಅದೇ ದಿನ. ಬಿದ್ದ ಮೇಲೆ ಕಾಲೂರಲಾಗದ ವಯಸ್ಸಾದವರು, ಮಂಡಿ ಅರ್ಧಕ್ಕೇ ಸಿಕ್ಕಿಕೊಂಡವರು, ಮೀನಖಂಡ ಊದಿದವರು ಕೂಡ. ಹೆಚ್ಚು ದಿನ ಸ್ಟೀರಾಯ್ಡ್ ತೆಗೆದುಕೊಂಡ ಅಥವಾ ವಿಪರೀತ ಕುಡಿಯುವ ಯುವಕರಿಗೆ ತೊಡೆಸಂದು ನೋವಿದ್ದರೆ ಎಂಆರ್‌ಐ ಬೇಕು. ರಕ್ತ ಸಾಲದೆ ತೊಡೆಮೂಳೆಯ ತಲೆ ಸಾಯುತ್ತಿರಬಹುದು, ಆರಂಭದಲ್ಲಿ ಎಕ್ಸ್‌ರೇ ಏನೂ ತೋರಿಸುವುದಿಲ್ಲ. ಮಲೆನಾಡಿನವರಾದರೆ ಮನೆತನದಲ್ಲಿ ಇನ್ಯಾರಿಗೆ ಹೀಗಿದೆ ಎಂದೂ ಕೇಳಬೇಕು. ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರಲ್ಲಿ ಗುರುತಾದ ವಂಶಪಾರಂಪರ್ಯ ಕಾಯಿಲೆ ಚಿಕ್ಕ ವಯಸ್ಸಿನಲ್ಲೇ ಸೊಂಟದ ಕೀಲನ್ನು ಹಾಳುಮಾಡುತ್ತದೆ.

ಮೂರು ತಿಂಗಳು ಸರಿಯಾಗಿ ಮಾಡಿಯೂ ರಾತ್ರಿ ನಿದ್ದೆ ಕೆಡುತ್ತಿದ್ದರೆ, ಮನೆಯೊಳಗೇ ನಡೆಯಲು ಕಷ್ಟವಾದರೆ ಕೀಲು ಬದಲಾವಣೆಯ ಮಾತು. ಅಲ್ಲಿಯವರೆಗೆ ಗಳಿಸಿದ ತೊಡೆಬಲ ಆಪರೇಷನ್ ನಂತರ ಬೇಗ ಎದ್ದು ಓಡಾಡಲು ನೆರವಾಗುತ್ತದೆ. ಆಗ ಮನೆಯವರಿಗೆ ಒಂದನ್ನು ಒತ್ತಿ ಹೇಳುತ್ತೇನೆ: ಹಾಯೆನಿಸುತ್ತದೆಂದು ಆಪರೇಷನ್ ಆದ ಮಂಡಿಯ ಕೆಳಗೆ ದಿಂಬಿಟ್ಟು ಮಲಗಿಸಬೇಡಿ. ಹಾಗೇ ಬಿಟ್ಟರೆ ಮಂಡಿ ಬಾಗಿದಲ್ಲೇ ಬಿಗಿಯುತ್ತದೆ. ದಿಂಬು ಇಡಲೇಬೇಕಿದ್ದರೆ ಹಿಮ್ಮಡಿಯ ಕೆಳಗಿಡಿ.